ಚಿಪ್ಸಾ, ನಿಪ್ಪಟ್ಟಾ, ಮಜ್ಜಿಗೆಯಾ? ನನ್ನ ಎರಡು ವೆಂಡಿಂಗ್ ಮಷಿನ್‌ಗಳ ಕಥೆ

ಒಂದು ಮಷಿನ್ ಬೆಂಗಳೂರಿನ ಬಿಟಿಎಂ ಲೇಔಟ್‌ನ ಹುಡುಗರ ಪಿಜಿಯಲ್ಲಿದೆ, ಇನ್ನೊಂದು ರಾಜಾಜಿನಗರದ ಒಂದು ಕ್ಲಿನಿಕ್‌ನಲ್ಲಿ. ಎಂಟು ತಿಂಗಳಿಂದ ಎರಡರಲ್ಲೂ ಏನೇನೋ ತುಂಬಿ ನೋಡಿದ್ದೇನೆ. ಯಾವುದರಲ್ಲಿ ಲಾಭ ಜಾಸ್ತಿ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಮೊದಲು ಅದನ್ನೇ ನೋಡಿ ಕೈ ಸುಟ್ಟುಕೊಂಡೆ.

ಮೊದಲು ಚಿಪ್ಸ್. ಪಿಜಿಯಲ್ಲಿ ಅದು ತಾನಾಗೇ ಓಡುತ್ತದೆ. ಆದರೆ 20 ರೂಪಾಯಿ ಪ್ಯಾಕೆಟ್‌ಗೆ ನನಗೆ ಉಳಿಯುವುದು 2 ರೂಪಾಯಿ ಚಿಲ್ಲರೆ. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಹಾಕುವ ಹಾಗಿಲ್ಲ, ಕರೆಂಟ್ ಬಿಲ್ಲು ಮಾತ್ರ ನನ್ನದೇ. ಇನ್ನೊಂದು ತಲೆನೋವು ಅಂದರೆ ಪ್ಯಾಕೆಟ್ ಒಳಗಿನ ಗಾಳಿ. ಚಿಪ್ಸ್ ಮೆತ್ತಗಾಗದಿರಲಿ, ಪುಡಿಯಾಗದಿರಲಿ ಅಂತ ನೈಟ್ರೋಜನ್ ತುಂಬಿರುತ್ತಾರೆ, ಒಳ್ಳೆಯದೇ, ಆದರೆ ಆ ಉಬ್ಬಿದ ಪ್ಯಾಕೆಟ್ ನನ್ನ ಮಷಿನ್ನಿನ ಒಂದು ಸುರುಳಿಗೆ (ತಿರುಗಿ ಪ್ಯಾಕೆಟ್ಟನ್ನು ಮುಂದೆ ತಳ್ಳಿ ಕೆಳಗೆ ಬೀಳಿಸುವ ಸ್ಪ್ರಿಂಗ್) ಎಂಟೇ ಹಿಡಿಯುತ್ತದೆ. ಶನಿವಾರ ರಾತ್ರಿಗೆ ಖಾಲಿ. ಭಾನುವಾರ ಬೆಳಿಗ್ಗೆ ನಾನು ಎಚ್‌ಎಸ್‌ಆರ್‌ನಿಂದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಸ್ಕೂಟರಲ್ಲಿ ಹೋಗಿ ಎಂಟು ಪ್ಯಾಕೆಟ್ ತುಂಬಿ ಬರಬೇಕು. ಪೆಟ್ರೋಲ್ ಲೆಕ್ಕ ಹಾಕಿದರೆ ನಗು ಬರುತ್ತದೆ.

ಅದಕ್ಕೇ ನಿಪ್ಪಟ್ಟಿಗೆ ಹೋದೆ. ನಮ್ಮ ಮನೆ ಹತ್ತಿರದ ಕಾಂಡಿಮೆಂಟ್ಸ್ ಅಂಗಡಿಯಿಂದ ತಂದು 30 ರೂಪಾಯಿಗೆ ಮಾರಿದರೆ 9 ರೂಪಾಯಿ ಉಳಿಯುತ್ತಿತ್ತು. ಮೊದಲು ಅಂಗಡಿಯವರು ಪ್ಲಾಸ್ಟಿಕ್ ಕವರಿಗೆ ಸ್ಟೇಪ್ಲರ್ ಹೊಡೆದು ಕೊಟ್ಟರು, ಅದು ನಡೆಯುವುದಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ತಯಾರಿಸಿದ ದಿನ, ಎಂಆರ್‌ಪಿ ಎಲ್ಲ ಇರುವ ಲೇಬಲ್ ಬೇಕೇ ಬೇಕು. ಅದೂ ಆಯಿತು. ಮೇಲಿನ ತಟ್ಟೆಯಲ್ಲಿ ಜೋಡಿಸಿದೆ. ನಾಲ್ಕು ಅಡಿ ಎತ್ತರದಿಂದ ನಿಪ್ಪಟ್ಟು ಬಿದ್ದರೆ ಏನಾಗುತ್ತದೆ? ಪುಡಿ. ಕೋಡುಬಳೆ ಇನ್ನೂ ಕಷ್ಟ. "ಅಣ್ಣಾ, ಚಮಚ ಕೊಡಲ್ವಾ?" ಅಂತ ಒಬ್ಬ ಹುಡುಗ ಫೋಟೋ ಕಳಿಸಿದ. ಕೆಳಗಿನ ತಟ್ಟೆಗೆ ಇಳಿಸಿದ ಮೇಲೆ ಸರಿಹೋಯಿತು, ಆದರೆ ನೀರಿನ ಬಾಟಲಿಗೂ ಅದೇ ತಟ್ಟೆ ಬೇಕು, ಭಾರ ಅಲ್ವಾ. ಜಾಗದ ಜಗಳ ಅಂದರೆ ಇದೇ, ಲಾಭದ್ದು ಆಮೇಲೆ.

ಕ್ಲಿನಿಕ್ ಲೆಕ್ಕವೇ ಬೇರೆ. ಅಲ್ಲಿ ಚಿಪ್ಸ್ ಸತ್ತಂತೆ ಬಿದ್ದಿತ್ತು. ಡಾಕ್ಟರ್ ಎದುರಿಗೆ ಯಾರು ಕುರುಕುರು ಅಂತ ತಿನ್ನುತ್ತಾರೆ! ಡೇಟ್ ಮುಗಿದು ಹದಿನೈದು ಪ್ಯಾಕೆಟ್ ಎಸೆದೆ. ಆಮೇಲೆ ಒಂದು ಬೆಳಿಗ್ಗೆ ಸುಮ್ನೆ ಕೂತು ನೋಡಿದೆ. ಎಂಟೂವರೆಗೆ, ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟವರು ತೋಳಿಗೆ ಹತ್ತಿ ಒತ್ತಿಕೊಂಡು ಸೀದಾ ಮಷಿನ್ ಮುಂದೆ ಬರುತ್ತಾರೆ. ಅವರಿಗೆ ಬೇಕಾಗಿದ್ದು ಟೆಟ್ರಾ ಪ್ಯಾಕ್ ಮಜ್ಜಿಗೆ, ಬಿಸ್ಕತ್ತು, ನೀರು. ಶುಗರ್ ಇಲ್ಲದವರಿಗೆ ಕಡಲೆ ಚಿಕ್ಕಿ. ಮಜ್ಜಿಗೆಯಲ್ಲಿ ಉಳಿಯುವುದು ಕಡಿಮೆಯೇ, ಆದರೆ ಒಂದೂ ಹಾಳಾಗಿಲ್ಲ. ಪೌಚ್ ಮಜ್ಜಿಗೆ ಮಾತ್ರ ತರಬೇಡಿ, ಸುರುಳಿಯಲ್ಲಿ ನಿಲ್ಲುವುದೇ ಇಲ್ಲ.

ಚಾಕೊಲೇಟ್ ಬಗ್ಗೆ ಒಂದೇ ಮಾತು: ಏಪ್ರಿಲ್ ಮಧ್ಯಾಹ್ನ, ಮೂರು ಗಂಟೆ ಕಾಲ ಕರೆಂಟ್ ಇಲ್ಲ, ಸುರುಳಿ ತೊಳೆಯಲು ಬಿಸಿನೀರು.

ನಾನು ಅಂದುಕೊಳ್ಳದೇ ಗೆದ್ದಿದ್ದು ಪಿಜಿಯಲ್ಲಿ ಇಟ್ಟ ಚಾರ್ಜಿಂಗ್ ಕೇಬಲ್. ವಾರಕ್ಕೆ ಎರಡೇ ಹೋಗುತ್ತದೆ, ಅದೂ ರಾತ್ರಿ ಹನ್ನೊಂದರ ಮೇಲೆ, ಅಂಗಡಿ ಮುಚ್ಚಿದ ಹೊತ್ತಿನಲ್ಲಿ. ಆದರೆ ಒಂದಕ್ಕೆ 60 ರೂಪಾಯಿ ಉಳಿಯುತ್ತದೆ, ಕೆಡುವುದಿಲ್ಲ, ಬಿದ್ದರೂ ಒಡೆಯುವುದಿಲ್ಲ. ಚಿಪ್ಸ್‌ನಲ್ಲಿ ಅಷ್ಟು ಬರಬೇಕಾದರೆ ಮೂರು ಸುರುಳಿ ಖಾಲಿಯಾಗಬೇಕು.

ಹಾಗಂತ ಚಿಪ್ಸ್ ತೆಗೆದಿಲ್ಲ. ತೆಗೆದ ವಾರ ಹುಡುಗರು ಮಷಿನ್ ಹತ್ತಿರವೇ ಬರಲಿಲ್ಲ, ಕೇಬಲ್ಲೂ ಹೋಗಲಿಲ್ಲ. ಈಗ ಮೇಲೆ ಚಿಪ್ಸ್, ನಡುವೆ ಬಿಸ್ಕತ್ತು, ಕೇಬಲ್, ಕೆಳಗೆ ಅರ್ಧ ನೀರು, ಅರ್ಧ ನಿಪ್ಪಟ್ಟು. ಮುಂದಿನ ವಾರ ಚಕ್ಕುಲಿ ಹಾಕಿ ನೋಡಬೇಕು, ಅದಕ್ಕೆ ನೀರಿನ ಒಂದು ಸುರುಳಿ ಬಿಟ್ಟುಕೊಡಬೇಕಾಗುತ್ತದೆ.