ಹಳೇ ಆಕ್ಟೇವಿಯಾಗೆ ಎನ್‌ಜಿಕೆ ಬಿಕೆಆರ್6ಇ ಸ್ಪಾರ್ಕ್ ಪ್ಲಗ್

ನನ್ನದು 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್. ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ರೀಮ್ಯಾಪ್ ಗೀಮ್ಯಾಪ್ ಏನೂ ಮಾಡಿಸಿಲ್ಲ, ಕಂಪನಿಯಿಂದ ಬಂದ ಹಾಗೇ ಇದೆ.

ಹೋದ ಮಳೆಗಾಲ ಶಿರಾಡಿ ಘಾಟಿಯಲ್ಲಿ ಕಾಟ ಶುರುವಾಯಿತು. ಲಾರಿ ಹಿಂದಿಕ್ಕೋಣ ಅಂತ ಮೂರನೇ ಗೇರಿನಲ್ಲಿ ತುಳಿದರೆ ಗಾಡಿ ಕೆಮ್ಮುತ್ತಿತ್ತು. ಚೆಕ್ ಇಂಜಿನ್ ದೀಪ ಬೇರೆ ಮಿಣಮಿಣ. ಕಾಲು ಸಡಿಲ ಮಾಡಿದರೆ ಏನೂ ಆಗಿಲ್ಲ ಎಂಬಂತೆ ಓಡುತ್ತಿತ್ತು. ಸ್ಕ್ಯಾನರ್ ಹಾಕಿದೆ, ಪಿ0302 ಕೋಡ್ ಬಂತು. ಅಂದರೆ ಎರಡನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಮಿಸ್‌ಫೈರ್. ಈ ಇಂಜಿನ್‌ಗೆ ಪ್ಲಗ್‌ಗೆ ವೋಲ್ಟೇಜ್ ಕೊಡುವ ಕಾಯಿಲ್ ಹೋಗುವುದು ಹಳೇ ಕಾಯಿಲೆ ಅಲ್ವಾ, ಹಾಗಾಗಿ ಎರಡು ಮತ್ತು ಮೂರರ ಕಾಯಿಲ್ ಅದಲು ಬದಲು ಮಾಡಿದೆ. ಕೋಡ್ ಜಾಗ ಬಿಟ್ಟು ಕದಲಲಿಲ್ಲ, ಅಂದರೆ ತಪ್ಪು ಕಾಯಿಲಿನದಲ್ಲ. ಪ್ಲಗ್ ಬಿಚ್ಚಿದರೆ ಅದರ ಮೇಲೆ ಬಿಕೆಆರ್6ಇ-11 ಅಂತಿತ್ತು. ಕೊನೆಯ 11 ಅಂದರೆ ಕಿಡಿ ಹಾರುವ ಸಂದು, ಗ್ಯಾಪ್, 1.1 ಮಿ.ಮೀ. ಹಿಂದಿನ ಗ್ಯಾರೇಜಿನವರು ಡಬ್ಬಿಯಿಂದ ತೆಗೆದು ಹಾಗೇ ತಿರುಗಿಸಿ ಬಿಗಿದಿದ್ದರು. ಟರ್ಬೊ ಗಾಳಿ ತುಂಬಿದಾಗ ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ. ಆಗ ಅಷ್ಟಗಲದ ಗ್ಯಾಪ್ ಹಾರಲು ಕಿಡಿಗೆ ವೋಲ್ಟೇಜ್ ಸಾಲುವುದಿಲ್ಲ.

ಬೆಂಗಳೂರಿನ ಜೆಸಿ ರೋಡಿಗೆ ಹೋದೆ. ಅಂಗಡಿಯವರು "ಟರ್ಬೊ ಅಂದ್ರೆ 7 ತಗೊಳ್ಳಿ ಸಾರ್" ಅಂದರು. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಹೊರಗೆ ಬಿಡುವಂಥದ್ದು. ಬಾಷ್‌ನಲ್ಲಿ ಇದೇ ಲೆಕ್ಕ ಉಲ್ಟಾ, ಎರಡನ್ನೂ ಬೆರೆಸಿ ಕೆಟ್ಟವರಿದ್ದಾರೆ. ಬೂಸ್ಟ್, ಅಂದರೆ ಟರ್ಬೊ ಒತ್ತಡ, ಏರಿಸಿದ ಗಾಡಿಗೆ 7 ಸರಿ. ನನ್ನದು ದಿನಾ ಸಿಗ್ನಲ್ಲಿನಲ್ಲಿ ತೆವಳುವ ಗಾಡಿ. ತಣ್ಣಗಿನ ಪ್ಲಗ್ ಮಸಿ ಸುಟ್ಟುಕೊಳ್ಳದೆ ಕಟ್ಟಿಕೊಂಡು ಕೂರುತ್ತದೆ. ಕಂಪನಿ ಹೇಳುವ ಪಿಎಫ್‌ಆರ್6ಕ್ಯೂ ಪ್ಲಾಟಿನಂ ಪ್ಲಗ್ ಕೂಡ 6ರದ್ದೇ. ಹಾಗಾಗಿ ಬಾಲದಲ್ಲಿ 11 ಇಲ್ಲದ ಬಿಕೆಆರ್6ಇ ನಾಲ್ಕು ತಂದೆ.

ಮನೆಯಲ್ಲಿ ಗ್ಯಾಪ್ ಅಳೆದರೆ ನಾಲ್ಕೂ 0.8 ಮಿ.ಮೀ. ಆಸುಪಾಸು. ನಾನು 0.7ಕ್ಕೆ ಇಳಿಸಿದೆ. ಹೊರಗಿನ ಬಾಗಿದ ಕಡ್ಡಿಯನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟಬೇಕು, ಅಳೆಯಬೇಕು, ಮತ್ತೆ ತಟ್ಟಬೇಕು. ನಡುವಿನ ಎಲೆಕ್ಟ್ರೋಡ್‌ಗೆ ಕೈ ಹಚ್ಚಬಾರದು. ಒಂದನ್ನು ಜೋರಾಗಿ ತಟ್ಟಿ 0.5 ಮಾಡಿಕೊಂಡು ಮತ್ತೆ ಬಿಡಿಸಲು ಹೆಣಗಿದ್ದೂ ಆಯಿತು. ಇರಿಡಿಯಂ ಆಗಿದ್ದರೆ ಇಷ್ಟು ಧೈರ್ಯ ಮಾಡುತ್ತಿರಲಿಲ್ಲ, ಅದರ ಸೂಜಿಮೊನೆ ಪಟ್ ಅಂತ ಮುರಿಯುತ್ತದೆ.

ಪ್ಲಗ್ ಕೂರುವ ಇಂಜಿನ್ ಹೆಡ್ ಅಲ್ಯೂಮಿನಿಯಂನದು, ಬಿಸಿಯಲ್ಲಿ ಬಿಚ್ಚಿದರೆ ಮರೆ (ತ್ರೆಡ್) ಕೆಡಬಹುದು, ಹಾಗಾಗಿ ಇಂಜಿನ್ ಪೂರ್ತಿ ತಣಿದ ಮೇಲೆ ಬಿಚ್ಚಿದ್ದು. ಹೊಸದನ್ನು ರಬ್ಬರ್ ಪೈಪಿನ ತುದಿಗೆ ಸಿಕ್ಕಿಸಿ ಕೈಯಲ್ಲೇ ಮರೆ ಹತ್ತಿಸಿದೆ, ಕೊನೆಗೆ ಟಾರ್ಕ್ ರೆಂಚಿನಲ್ಲಿ 30 ನ್ಯೂಟನ್ ಮೀಟರ್. ಮರೆಗೆ ಗ್ರೀಸ್ ಬಳಿಯಲಿಲ್ಲ, ಎನ್‌ಜಿಕೆಯವರೇ ಬೇಡ ಅನ್ನುತ್ತಾರೆ.

ಈಗ ಆರು ಸಾವಿರ ಕಿಲೋಮೀಟರ್ ಆಗಿದೆ. ಅದೇ ಘಾಟಿ, ಅದೇ ಮೂರನೇ ಗೇರ್, ಕೆಮ್ಮು ಇಲ್ಲ. ಐಡಲ್ ಕೂಡ ನೆಟ್ಟಗಿದೆ. ಮೈಲೇಜ್ ಏರಿತು ಅಂತ ಮಾತ್ರ ಹೇಳಲಾರೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಒಂದು ನಕ್ಷತ್ರ ಕಡಿಮೆ ಕೊಡುವುದು ಬಾಳಿಕೆಗೆ. ಇದು ನಿಕ್ಕಲ್ ತುದಿಯ ಸಾಧಾರಣ ಪ್ಲಗ್, ಹದಿನೈದು ಸಾವಿರ ಕಿಲೋಮೀಟರಿಗೆ ಬದಲಿಸುವ ಯೋಚನೆ ನನ್ನದು. ನಾಲ್ಕೂ ಸೇರಿ ಒಂದು ಇರಿಡಿಯಂ ಪ್ಲಗ್‌ನ ಆಸುಪಾಸಿನ ದುಡ್ಡು, ಬೇಜಾರಿಲ್ಲ. ಮುಂದಿನ ಸೆಟ್ ಆಗಲೇ ತಂದು 0.7ಕ್ಕೆ ಹೊಂದಿಸಿ, ಹಳೇ ಕಾಲ್ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.