ತೈ ಚಿ ಕಲಿಯಬೇಕಾ, ಚಿ ಗಾಂಗ್ ಸಾಕಾ?

ಎರಡೂ ಚೀನಾದ ವ್ಯಾಯಾಮಗಳು, ಎರಡೂ ನಿಧಾನ. ತೈ ಚಿ ಮೂಲದಲ್ಲಿ ಕಾದಾಟದ ಕಲೆ. 1956ರಲ್ಲಿ ಸರಳ ಮಾಡಿದ ಯಾಂಗ್ ಶೈಲಿಯಲ್ಲೂ 24 ಭಂಗಿಗಳಿವೆ. ಮಾಡಲು ಐದಾರು ನಿಮಿಷ ಸಾಕು, ಕ್ರಮ ಮೈಗೆ ಕೂರಲು ತಿಂಗಳುಗಳೇ ಬೇಕು. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತದೆ ಅಲ್ವಾ, ಅದಕ್ಕೇ ವಯಸ್ಸಾದವರ ಸಮತೋಲನಕ್ಕೆ ತುಂಬಾ ಒಳ್ಳೆಯದು. ಬೀಳುವ ಭಯವಿದ್ದರೆ ನಾನು ಇದನ್ನೇ ಹೇಳುತ್ತೇನೆ. ಮಂಡಿ ನೋವಿದ್ದರೆ ಮಾತ್ರ ಜಾಸ್ತಿ ಬಗ್ಗಿಸಬೇಡಿ.

ಚಿ ಗಾಂಗ್‌ನಲ್ಲಿ ಬಾದುವಾನ್‌ಜಿನ್ ನೋಡಿ. ಅದೊಂದು ವ್ಯಾಯಾಮ ಸರಣಿ, ಎಂಟೇ ಚಲನೆ. ಹೆಚ್ಚು ಕಡಿಮೆ ನಿಂತ ಜಾಗದಲ್ಲೇ, ಉಸಿರಿನ ಜೊತೆ, ಒಂದೊಂದನ್ನೂ ಹಲವು ಸಲ. ಕುರ್ಚಿಯಲ್ಲಿ ಕೂತು ಮಾಡುವ ಬಗೆಯೂ ಇದೆ. ಸುಸ್ತು, ಬಿಗಿದ ಭುಜ, ಸಮಯವಿಲ್ಲ ಅನ್ನುವವರು ಇಲ್ಲಿಂದ ಶುರು ಮಾಡಿ. ಎರಡೂ ಕೈಯಿಂದ ಆಕಾಶ ಎತ್ತಿ ಹಿಡಿಯುವ ಮೊದಲ ಚಲನೆಯನ್ನು ಇವತ್ತೇ ಕಲಿಯಬಹುದು.