ಅವ್ವನ ಬೆರಳು, ಬ್ಯಾಂಕ್ ಮಿತ್ರನ ಮಷೀನು

ಗದಗ ತಾಲ್ಲೂಕಿನ ನಮ್ಮೂರಾಗ, ಕಿರಾಣಿ ಅಂಗಡಿ ಮೂಲ್ಯಾಗ ಒಬ್ಬಾಕಿ ತಂಗಿ ಬ್ಯಾಂಕ್ ಮಿತ್ರ ಆಗಿ ಕುಂತಾಳ, ಅಂದ್ರ ಬ್ಯಾಂಕಿನ ಪರವಾಗಿ ಊರಾಗೇ ರೊಕ್ಕ ಕೊಡೋ ಏಜೆಂಟ್. ಎರಡು ವರ್ಷದಿಂದ ನಮ್ಮವ್ವನ ರೊಕ್ಕ ಅಲ್ಲೇ ತಗಸ್ತೀನಿ.

ಮೊದಲ ಗೃಹಲಕ್ಷ್ಮಿಯ 2000 ರೂಪಾಯಿಗೆ ಗದಗಕ್ಕ ಹೋಗಿ ಪಾಳಿ ಹಚ್ಚಬೇಕಿತ್ತು, ಒಂದು ದಿನದ ಕೂಲಿ ಹೋಗ್ತಿತ್ತು. ಈಗ ಆಧಾರ್ ನಂಬರ್ ಹೇಳಿ ಬೆರಳು ಒತ್ತಿದ್ರ ಹತ್ತು ನಿಮಿಷದಾಗ ಕೈಗೆ ಬರ್ತೈತಿ. ತಂಗಿ ನೋಟು ಎರಡು ಸಲ ಎಣಿಸ್ತಾಳ, ರಸೀದಿ ಓದಿ ಹೇಳ್ತಾಳ. ನಮ್ಮ ಕಡಿಂದ ಒಂದು ರೂಪಾಯಿನೂ ಇಸಗೊಳ್ಳಂಗಿಲ್ಲ. ಆಕಿ ಕಮಿಷನ್ ಬ್ಯಾಂಕಿನಿಂದ ಬರ್ತೈತಿ.

ತೊಂದ್ರಿ ಇರೋದು ಮಷೀನಿಂದು. ಕಳೆ ಕಿತ್ತು, ಮೆಣಸಿನಕಾಯಿ ಬಿಡಿಸಿ ಅವ್ವನ ಬೆರಳಿನ ಗೆರಿ ಸವದಾವು. ನಾಲ್ಕೈದು ಸಲ ಒತ್ತಬೇಕು. ಒಮ್ಮೆ ಖಾತೆಯಾಗ ರೊಕ್ಕ ಕಡಿತಾತು, ಕೈಗೆ ಬರಲಿಲ್ಲ. ವಾಪಸ್ ಬರಾಕ ಆರು ದಿನ ಹಿಡೀತು. ಅಷ್ಟೂ ದಿನ ಅವ್ವನ ಬಿಪಿ ಗುಳಿಗಿ ಉದ್ರಿ ತಂದ್ವಿ. ಬ್ಯಾಂಕಿನವರು ಫೋನ್ ಎತ್ತಲಿಲ್ಲ. ತಂಗಿನೇ ದೂರು ಬರೆದ್ಲು.

ಅವ್ವ ಜನಧನ ಖಾತೆ ತಗದಿದ್ದು 2014ರಾಗ. ಆಗ ಅದು ಖಾಲಿ ಇರ್ತಿತ್ತು, ಈಗ ತಿಂಗಳಿಗೆ 200 ಅಲ್ಲೇ ಬಿಡ್ತಾಳ. ಈ ಮುಂಗಾರಿಗೆ ಹೆಸರಿನ ಬೀಜ ಆ ರೊಕ್ಕದಾಗ ಬಂತು. ಬೀಜಕ್ಕ ಸಾಲ ಮಾಡಿದ್ರ ಕೊಡಬೇಕಿದ್ದ, ನೂರಕ್ಕ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಉಳೀತು. ಬಡ್ಡಿ ಸಾಲದ ಕಷ್ಟಕ್ಕ 1905ರಾಗೇ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ತಾಲ್ಲೂಕಿಂದೇ.

ತಂಗಿಗೆ ಪೂರಾ ಅಂಕ. ಬ್ಯಾಂಕಿನವರು ಆಕಿಗೆ ಕಣ್ಣು ಸ್ಕ್ಯಾನ್ ಮಾಡೋ ಮಷೀನ್ ಕೊಡ್ರಿ.